ತೊಗರಿ ಚೀಲದೊಳಗಿನ ವಿದೇಶಾಂಗ ನೀತಿ: ಮೂರು ಪುಟಗಳಲ್ಲಿ ಹಂಚಿಹೋದ ಒಂದೇ ಸುದ್ದಿ

ತಾಳಿಕೋಟೆ: ಡೋಣಿ ನದಿಯ ದಂಡೆಯಲ್ಲಿರುವ ಈ ಪಟ್ಟಣಕ್ಕೂ ಆಫ್ರಿಕಾ ಖಂಡದ ಆಗ್ನೇಯ ಕರಾವಳಿಯಲ್ಲಿರುವ ಮೊಜಾಂಬಿಕ್ ದೇಶಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಮೇಲ್ನೋಟಕ್ಕೆ ಏನೂ ಇಲ್ಲ. ಆದರೆ ಪ್ರತಿವರ್ಷ ಜನವರಿಯಲ್ಲಿ ರಾಶಿ ಮುಗಿಸಿ, ತೊಗರಿ ಚೀಲಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಅಡತಿ ಅಂಗಡಿಗೆ ಬರುವ ಇಲ್ಲಿನ ರೈತನ ಕೈಗೆ ಎಷ್ಟು ಹಣ ಸೇರಬೇಕೆಂಬುದನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಆ ದೇಶದ ನಕಾಲಾ ಬಂದರಿನಿಂದ ಹೊರಡುವ ಹಡಗೂ ಒಂದು. ಮ್ಯಾನ್ಮಾರ್‌ನಿಂದ ಚೆನ್ನೈಗೆ ಬರುವ ಹಡಗು ಇನ್ನೊಂದು.

ಈ ಹಡಗುಗಳು ವ್ಯಾಪಾರಿಗಳ ಇಚ್ಛೆಯಿಂದ ಮಾತ್ರ ಬರುವುದಿಲ್ಲ. ಅವುಗಳ ಹಿಂದೆ ಭಾರತ ಸರ್ಕಾರವು ಇತರ ಸರ್ಕಾರಗಳೊಂದಿಗೆ ಮಾಡಿಕೊಂಡ ಒಪ್ಪಂದಗಳಿವೆ, ಆಮದು ಆದೇಶಗಳಿವೆ, ಸುಂಕ ವಿನಾಯಿತಿಗಳಿವೆ. ಅಂದರೆ ದೇಶದ ವಿದೇಶಾಂಗ ನೀತಿ ತಾಳಿಕೋಟೆಯ ಎರೆ ಭೂಮಿಯವರೆಗೂ ಬಂದು ಮುಟ್ಟುತ್ತದೆ. ಆದರೂ ಕನ್ನಡದ ಓದುಗನಿಗೆ, ವಿಶೇಷವಾಗಿ ನಗರದ ಓದುಗನಿಗೆ, ವಿದೇಶಾಂಗ ನೀತಿ ಎಂದೊಡನೆ ನೆನಪಾಗುವುದು ವಿಮಾನದ ಮೆಟ್ಟಿಲು, ಕೈಕುಲುಕುವ ನಾಯಕರು ಹಾಗೂ ಗಡಿಯ ಗುಂಡಿನ ಸದ್ದು. ಮುಖ್ಯವಾಹಿನಿಯ ಮಾಧ್ಯಮಗಳ ಬಗ್ಗೆ ಎಡಪಂಥೀಯ ವಿಮರ್ಶಕರು ದಶಕಗಳಿಂದ ಹೇಳುತ್ತ ಬಂದಿರುವ ದೂರಿನ ತಿರುಳೂ ಇದೇ. ದೆಹಲಿಯ ವಿಚಾರ ಸಂಕಿರಣಗಳಲ್ಲಿ ಕೇಳಿದರೆ ಒಣ ಸಿದ್ಧಾಂತದಂತೆ ತೋರುವ ಈ ದೂರನ್ನು ತೊಗರಿ ಕಣಜದ ಈ ಭಾಗದಲ್ಲಿ ನಿಂತು ಪರೀಕ್ಷಿಸಿದರೆ ಅದರ ಬಲವೂ ಕಾಣುತ್ತದೆ, ದೌರ್ಬಲ್ಯವೂ ಕಾಣುತ್ತದೆ.

ನಗರದ ಸುದ್ದಿಮನೆಗಳಿಗೆ ತಾಳಿಕೋಟೆ ಎಂದರೆ 1565ರ ಯುದ್ಧ, ಅಷ್ಟೆ. ಆ ಯುದ್ಧ ನಡೆದದ್ದೂ ಇಲ್ಲಲ್ಲ, ಕೃಷ್ಣಾ ತೀರದಲ್ಲಿ. ಸುಲ್ತಾನರ ಸೇನೆಗಳು ಇಲ್ಲಿ ಬೀಡುಬಿಟ್ಟಿದ್ದರಿಂದ ಊರಿನ ಹೆಸರು ಯುದ್ಧಕ್ಕೆ ಅಂಟಿಕೊಂಡಿತು. 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕಾಗಿ ಘೋಷಣೆಯಾಗುವವರೆಗೆ ಇದು ಮುದ್ದೇಬಿಹಾಳ ತಾಲ್ಲೂಕಿನ ಒಂದು ವ್ಯಾಪಾರಿ ಪಟ್ಟಣ. ಸುತ್ತಲಿನ ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಭಾಗಗಳಂತೆ ಇಲ್ಲಿಯೂ ಮಳೆಯಾಶ್ರಿತ ಬೇಸಾಯದ ಮುಖ್ಯ ಆಧಾರ ತೊಗರಿ. ರಾಜ್ಯದಲ್ಲಿ ಕಲಬುರಗಿಯ ನಂತರ ತೊಗರಿಗೆ ಹೆಸರಾದ ಜಿಲ್ಲೆ ವಿಜಯಪುರವೇ.

ಮಪುಟೊದಲ್ಲಿ ಸಹಿ, ದಾರ್ ಎಸ್ ಸಲಾಮ್‌ನಲ್ಲಿ ಡೋಲು

2015ರಲ್ಲಿ ತೊಗರಿ ಬೇಳೆಯ ಬೆಲೆ ನಗರಗಳಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ಸತತ ಎರಡು ವರ್ಷಗಳ ಬರದಿಂದ ದೇಶದ ಉತ್ಪಾದನೆ 25.6 ಲಕ್ಷ ಟನ್‌ಗೆ ಕುಸಿದಿತ್ತು. ಸಾರು, ಹುಳಿ ತುಟ್ಟಿಯಾದಾಗ ನಗರದ ಮಾಧ್ಯಮಗಳು ಎಚ್ಚೆತ್ತವು. ಬೇಳೆ ಬೆಲೆ ಮುಖಪುಟಕ್ಕೆ ಬಂದಿತು. ಸರ್ಕಾರದ ಮೇಲೆ ಒತ್ತಡ ಹೆಚ್ಚಿತು.

ಅದರ ಫಲವಾಗಿ 2016ರ ಜುಲೈ 7ರಂದು, ಪ್ರಧಾನಿ ನರೇಂದ್ರ ಮೋದಿ ಅವರ ಆಫ್ರಿಕಾ ಪ್ರವಾಸದ ಮೊದಲ ನಿಲ್ದಾಣವಾದ ಮಪುಟೊದಲ್ಲಿ ಒಂದು ಒಡಂಬಡಿಕೆಗೆ ಸಹಿ ಬಿದ್ದಿತು. ಮೊಜಾಂಬಿಕ್‌ನಿಂದ ಮೊದಲ ವರ್ಷ ಒಂದು ಲಕ್ಷ ಟನ್ ತೊಗರಿ ಮತ್ತಿತರ ದ್ವಿದಳ ಧಾನ್ಯ ಆಮದು ಮಾಡಿಕೊಳ್ಳುವುದು. ಅದನ್ನು ವರ್ಷದಿಂದ ವರ್ಷಕ್ಕೆ ಏರಿಸುತ್ತ 2020-21ರ ವೇಳೆಗೆ ಎರಡು ಲಕ್ಷ ಟನ್‌ಗೆ ಮುಟ್ಟಿಸುವುದು ಅದರ ಸಾರ. ಮೂರು ದಿನಗಳ ಬಳಿಕ ಪ್ರಧಾನಿ ತಾಂಜಾನಿಯಾ ತಲುಪಿದರು. ದಾರ್ ಎಸ್ ಸಲಾಮ್‌ನಲ್ಲಿ ಅಲ್ಲಿನ ಅಧ್ಯಕ್ಷ ಜಾನ್ ಮಗುಫುಲಿ ಅವರೊಂದಿಗೆ ಡೋಲು ಬಾರಿಸಿದರು. ಆ ಪ್ರವಾಸದ ಬಗ್ಗೆ ಇಂದು ಯಾರನ್ನಾದರೂ ಕೇಳಿದರೆ ಅವರಿಗೆ ನೆನಪಿರುವುದು ಡೋಲಿನ ದೃಶ್ಯ.

ಹಾಗೆಂದು ಒಪ್ಪಂದವನ್ನು ಯಾರೂ ಮುಚ್ಚಿಡಲಿಲ್ಲ. ಸಚಿವ ಸಂಪುಟದ ಒಪ್ಪಿಗೆಯ ಪ್ರಕಟಣೆ ಹೊರಬಿದ್ದಿತ್ತು, ಪತ್ರಿಕೆಗಳು ಅದನ್ನು ಅಚ್ಚು ಹಾಕಿದ್ದವು. ತೊಡಕಿರುವುದು ಮುಂದಿನ ಭಾಗದಲ್ಲಿ. ಆ ವರ್ಷದ ಮುಂಗಾರು ಚೆನ್ನಾಗಿ ಆಯಿತು. ಹಿಂದಿನ ವರ್ಷದ ಬೆಲೆ ಕಂಡಿದ್ದ ರೈತರು ಹೆಚ್ಚು ತೊಗರಿ ಬಿತ್ತಿದ್ದರು. ದೇಶದ ಉತ್ಪಾದನೆ 48.7 ಲಕ್ಷ ಟನ್‌ಗೆ ಜಿಗಿಯಿತು. ಅದೇ ಹೊತ್ತಿಗೆ ಆಮದು ತೊಗರಿಯೂ ಬಂದಿಳಿಯಿತು. ಡಿಸೆಂಬರ್ ಹೊತ್ತಿಗೆ ಮಾರುಕಟ್ಟೆ ದರ ಕ್ವಿಂಟಲ್‌ಗೆ 5,050 ರೂಪಾಯಿಗಳ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಉತ್ತರ ಕರ್ನಾಟಕದ ಖರೀದಿ ಕೇಂದ್ರಗಳ ಮುಂದೆ ಚೀಲಗಳ ಸಾಲು ಬೆಳೆಯಿತು, ಧರಣಿಗಳು ನಡೆದವು.

ಒಂದೇ ಕಥೆಯ ಮೂರು ಭಾಗಗಳು ಮೂರು ಬೇರೆ ಪುಟಗಳಿಗೆ ಹೋಗುವ ಬಗೆಯಿದು. ಪ್ರಧಾನಿಯ ಪ್ರವಾಸ ರಾಷ್ಟ್ರೀಯ ಪುಟಕ್ಕೆ, ಆಮದಿನ ಅಂಕಿಸಂಖ್ಯೆ ವಾಣಿಜ್ಯ ಪುಟಕ್ಕೆ, ಧರಣಿ ಜಿಲ್ಲಾ ಆವೃತ್ತಿಗೆ. ಜಿಲ್ಲಾ ಆವೃತ್ತಿಯ ಸುದ್ದಿ ಜಿಲ್ಲೆಯ ಗಡಿ ದಾಟುವುದು ಅಪರೂಪ. ಬೆಂಗಳೂರಿನ ಓದುಗನಿಗೆ ಧರಣಿ ಕಾಣಲಿಲ್ಲ; ತಾಳಿಕೋಟೆಯ ಓದುಗನಿಗೆ ಧರಣಿ ಕಂಡಿತಾದರೂ ಅದರ ಪಕ್ಕದಲ್ಲಿ ಮಪುಟೊ ಇರಲಿಲ್ಲ.

ಹಳೆಯ ದೂರು

ಮಾಧ್ಯಮಗಳ ಬಗೆಗಿನ ಎಡಪಂಥೀಯ ವಿಮರ್ಶೆಗೆ ಜಗತ್ತಿನಾದ್ಯಂತ ಆಧಾರವಾಗಿರುವುದು ಎಡ್ವರ್ಡ್ ಹರ್ಮನ್ ಹಾಗೂ ನೋಮ್ ಚೋಮ್‌ಸ್ಕಿ 1988ರಲ್ಲಿ ಪ್ರಕಟಿಸಿದ ‘ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್’ ಕೃತಿ. ಸುದ್ದಿ ಓದುಗನನ್ನು ತಲುಪುವ ಮುನ್ನ ಐದು ಜರಡಿಗಳನ್ನು ಹಾದುಬರುತ್ತದೆ ಎಂಬುದು ಅವರ ವಾದ. ಮಾಲೀಕತ್ವ, ಜಾಹೀರಾತು, ಸುದ್ದಿಮೂಲ ಇವು ಮೊದಲ ಮೂರು. ಉಳಿದೆರಡು ಪ್ರತೀಕಾರದ ಭಯ ಮತ್ತು ಕಮ್ಯುನಿಸ್ಟ್ ವಿರೋಧಿ ಧೋರಣೆ. 2003ರ ಇರಾಕ್ ಯುದ್ಧ ಈ ವಾದಕ್ಕೆ ಹೊಸ ಬಲ ನೀಡಿತು. ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ಅಧಿಕಾರಿಗಳ ಮಾತನ್ನು ಸಾಕಷ್ಟು ಪರಿಶೀಲಿಸದೆ ಪ್ರಕಟಿಸಿದ್ದಾಗಿ ಸ್ವತಃ ‘ನ್ಯೂಯಾರ್ಕ್ ಟೈಮ್ಸ್’ 2004ರ ಮೇ ತಿಂಗಳಲ್ಲಿ ಓದುಗರ ಮುಂದೆ ಒಪ್ಪಿಕೊಂಡಿತು.

ಭಾರತದ ಎಡಪಕ್ಷಗಳಿಗೆ ಈ ದೂರು ಸ್ವಂತ ಅನುಭವವಾದದ್ದು 2008ರಲ್ಲಿ. ಅಮೆರಿಕದೊಂದಿಗಿನ ಪರಮಾಣು ಒಪ್ಪಂದವನ್ನು ವಿರೋಧಿಸಿ ಅವು ಜುಲೈ 8ರಂದು ಮನಮೋಹನ್ ಸಿಂಗ್ ಸರ್ಕಾರಕ್ಕೆ ನೀಡಿದ್ದ ಬೆಂಬಲ ಹಿಂತೆಗೆದುಕೊಂಡವು. ಜುಲೈ 22ರ ವಿಶ್ವಾಸಮತದ ದಿನ ಲೋಕಸಭೆಯಲ್ಲಿ ನೋಟಿನ ಕಂತೆಗಳು ಪ್ರದರ್ಶನಗೊಂಡವು. ಆ ಹದಿನೈದು ದಿನ ಟಿವಿ ಪರದೆಗಳಲ್ಲಿ ಯಾರ ಕಡೆ ಎಷ್ಟು ತಲೆ ಎಂಬ ಎಣಿಕೆ ನಡೆಯಿತೇ ಹೊರತು ಒಪ್ಪಂದದ ಷರತ್ತುಗಳ ಬಗ್ಗೆ ಚರ್ಚೆ ಕಾಣಲಿಲ್ಲ, ತಮ್ಮನ್ನು ಕೇವಲ ಅಭಿವೃದ್ಧಿಗೆ ಅಡ್ಡಗಾಲೆಂದು ಬಿಂಬಿಸಲಾಯಿತು ಎಂಬುದು ಎಡಪಕ್ಷಗಳ ಅಸಮಾಧಾನ. ಅದರಲ್ಲಿ ಅತಿಶಯೋಕ್ತಿ ಇದ್ದೀತು. ಆದರೆ ನೋಟಿನ ಕಂತೆಯ ಚಿತ್ರ ಒಪ್ಪಂದದ ಪಠ್ಯಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದಿದೆ ಎಂಬುದನ್ನು ಅಲ್ಲಗಳೆಯಲಾಗದು.

ಗ್ರಾಮೀಣ ವರದಿಗಾರಿಕೆಯಲ್ಲಿ ಇದೇ ಪ್ರಶ್ನೆಯನ್ನು ಎತ್ತಿದವರು ಪಿ. ಸಾಯಿನಾಥ್. ವಿದರ್ಭದಲ್ಲಿ ಹತ್ತಿ ಬೆಳೆಗಾರರು ಸಾಯುತ್ತಿದ್ದ 2006ರಲ್ಲಿ ಮುಂಬೈನ ಫ್ಯಾಷನ್ ಸಪ್ತಾಹಕ್ಕೆ 512 ಪತ್ರಕರ್ತರು ಹಾಜರಿದ್ದರು, ವಿದರ್ಭಕ್ಕೆ ಹೊರಗಿನಿಂದ ಹೋದವರು ಬೆರಳೆಣಿಕೆಯಷ್ಟು ಎಂದು ಅವರು ಕೊಟ್ಟ ಲೆಕ್ಕ ಪತ್ರಿಕೋದ್ಯಮ ತರಗತಿಗಳಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಕನ್ನಡದಲ್ಲಿ ಜಾಹೀರಾತಿನ ಹಂಗಿಲ್ಲದೆ 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಬೇರೊಂದು ದಾರಿ ತೋರಿಸಿತ್ತು. ಆದರೆ ಅದರ ಬಾಣ ಹೆಚ್ಚಾಗಿ ನೆಟ್ಟಿದ್ದು ರಾಜ್ಯ ರಾಜಕಾರಣದ ಮೇಲೆ. ಆಮದು ನೀತಿಯಂಥ ಒಣ ವಿಷಯಕ್ಕೆ ಅಲ್ಲಿಯೂ ಓದುಗರು ಕಡಿಮೆ.

ಹರ್ಮನ್, ಚೋಮ್‌ಸ್ಕಿ ಹೇಳಿದ ಮೂರನೆಯ ಜರಡಿ, ಅಂದರೆ ಸುದ್ದಿಮೂಲ, ತೊಗರಿಯ ವಿಷಯದಲ್ಲಿ ಹೆಚ್ಚು ಅನ್ವಯಿಸುತ್ತದೆ. ಮಪುಟೊದಲ್ಲಾಗಲಿ ಯಾಂಗೂನ್‌ನಲ್ಲಾಗಲಿ ಕನ್ನಡ ಪತ್ರಿಕೆಗಳ ವರದಿಗಾರರಿಲ್ಲ. ಹಿಂದೆ ಪ್ರಧಾನಿಯ ವಿಮಾನದಲ್ಲಿ ಖಾಸಗಿ ಮಾಧ್ಯಮಗಳ ದೊಡ್ಡ ತಂಡವೇ ಹೋಗುತ್ತಿತ್ತು. 2014ರ ನಂತರ ಆ ಪದ್ಧತಿ ನಿಂತು, ದೂರದರ್ಶನ ಹಾಗೂ ಸುದ್ದಿಸಂಸ್ಥೆಗಳಿಗೆ ಸೀಮಿತವಾಯಿತು. ಹೀಗಿರುವಾಗ ವಿದೇಶ ಪ್ರವಾಸದ ಸುದ್ದಿ ಎಂದರೆ ವಿದೇಶಾಂಗ ಸಚಿವಾಲಯ ಹೇಳಿದ್ದು ಮತ್ತು ಸುದ್ದಿಸಂಸ್ಥೆ ಕಳುಹಿಸಿದ್ದು. ಅದನ್ನು ಕನ್ನಡಕ್ಕೆ ತರುವ ಉಪಸಂಪಾದಕನಿಗೆ ‘ಇದರಿಂದ ನಮ್ಮ ತೊಗರಿಗೇನಾಗುತ್ತದೆ’ ಎಂದು ಕೇಳಲು ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಯಾರೂ ಸಿಗುವುದಿಲ್ಲ.

ಹಡಗು ನಿಂತ ಸುದ್ದಿ ಯಾರಿಗೆ ತಿಳಿಯಿತು?

ಈ ಸುದ್ದಿ ಕೈತಪ್ಪಿದರೆ ಆಗುವ ನಷ್ಟ ಏನೆಂಬುದನ್ನು 2023-24ರ ಸುಗ್ಗಿ ತೋರಿಸುತ್ತದೆ. 2023ರ ಕೊನೆಯಲ್ಲಿ ಮೊಜಾಂಬಿಕ್‌ನ ಇಬ್ಬರು ರಫ್ತುದಾರರ ನಡುವೆ ವ್ಯಾಜ್ಯ ಹುಟ್ಟಿತು. ಅದು ನ್ಯಾಯಾಲಯದ ಮೆಟ್ಟಿಲೇರಿ ಭಾರತಕ್ಕೆ ಹೊರಡಬೇಕಿದ್ದ ಭಾರಿ ಪ್ರಮಾಣದ ತೊಗರಿ ಬಂದರಿನಲ್ಲಿಯೇ ಸಿಲುಕಿತು. ಭಾರತ ಸರ್ಕಾರ ಅಲ್ಲಿನ ಸರ್ಕಾರದ ಮಧ್ಯಪ್ರವೇಶ ಕೋರಬೇಕಾಯಿತು. ಇತ್ತ 2024ರ ಜನವರಿಯಲ್ಲಿ ಮ್ಯಾನ್ಮಾರ್‌ನೊಂದಿಗಿನ ಬೇಳೆಕಾಳು ವ್ಯವಹಾರಕ್ಕೆ ಡಾಲರ್ ಬದಲು ರೂಪಾಯಿ-ಕ್ಯಾತ್ ನೇರ ಪಾವತಿ ವ್ಯವಸ್ಥೆ ಜಾರಿಗೆ ಬಂದಿತು. 2021ರ ಫೆಬ್ರುವರಿಯ ಸೇನಾ ಕ್ಷಿಪ್ರಕ್ರಾಂತಿಯ ನಂತರ ಅಧಿಕಾರ ಹಿಡಿದವರೊಂದಿಗೆ ದೆಹಲಿ ಏಕೆ ಬಾಗಿಲು ಮುಚ್ಚಿಕೊಳ್ಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಗಡಿ ಭದ್ರತೆಯ ಜತೆಗೆ ಈ ತೊಗರಿ, ಉದ್ದಿನ ಹಡಗುಗಳನ್ನೂ ಎಣಿಸಬೇಕು.

ಇವೆಲ್ಲ ನಡೆದದ್ದು ತಾಳಿಕೋಟೆ ಸೀಮೆಯಲ್ಲಿ ತೊಗರಿ ರಾಶಿ ನಡೆಯುವ ದಿನಗಳಲ್ಲೇ. ಸಣ್ಣ ಹಿಡುವಳಿದಾರನ ಮುಂದೆ ಆಗ ಇರುವ ಪ್ರಶ್ನೆ ಒಂದೇ: ಈಗಲೇ ಮಾರಬೇಕೋ, ಎರಡು ತಿಂಗಳು ಕಾಯಬೇಕೋ? ಆ ಸುಗ್ಗಿಯಲ್ಲಿ ಬೆಂಬಲ ಬೆಲೆ 7,000 ರೂಪಾಯಿ ಇದ್ದರೆ ಮಾರುಕಟ್ಟೆ ದರ ಅದಕ್ಕಿಂತ ಬಹಳ ಮೇಲಿತ್ತು. 2024ರ ಮಧ್ಯಭಾಗದ ಹೊತ್ತಿಗೆ 12,000 ರೂಪಾಯಿಗಳ ಆಸುಪಾಸಿಗೆ ಏರಿತು. ಕಾಯಬಲ್ಲವರು ಕಾಯ್ದರು. ಸಾಲದ ಕಂತು, ಮಗಳ ಮದುವೆ, ಅಂಗಡಿಯ ಉದ್ದರಿ ಇದ್ದವರು ಕಾಯಲಿಲ್ಲ. ಕಾಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ ನಿಜ. ಆದರೆ ಶಕ್ತಿಯಿದ್ದವನಿಗೂ ತೀರ್ಮಾನಕ್ಕೆ ಮಾಹಿತಿ ಬೇಕು. ಮುಂಬೈ, ಚೆನ್ನೈ ಬಂದರುಗಳ ಆವಕ, ದರ, ಬರಲಿರುವ ಹಡಗುಗಳ ಸುಳಿವು ದಾಲ್‌ಮಿಲ್ ಮಾಲೀಕರಿಗೂ ಅಡತದಾರರಿಗೂ ಮೊಬೈಲ್‌ನಲ್ಲೇ ಬಂದು ಬೀಳುತ್ತವೆ. ಅವರ ಪಾಲಿಗೆ ಮೊಜಾಂಬಿಕ್ ಪಕ್ಕದ ಊರು. ಚೀಲ ಇಳಿಸಿ ತೂಕಕ್ಕೆ ಕಾಯುತ್ತ ಕುಳಿತ ರೈತನಿಗೆ ಮಾತ್ರ ಆ ಊರಿನ ಸುದ್ದಿ ತಲುಪುವುದು ದಲಾಲನ ಬಾಯಿಂದಲೇ, ಅವನು ಹೇಳಿದಷ್ಟೇ.

ಎಡಪಂಥೀಯರು ಹೇಳುವ ‘ವರ್ಗ ಹಿತಾಸಕ್ತಿ’ ಎಂಬ ಮಾತು ಕೇಳಿ ಮುಗುಳ್ನಗುವವರು ಈ ದೃಶ್ಯವನ್ನೊಮ್ಮೆ ಗಮನಿಸಬೇಕು. ಯಾರಿಗೆ ಯಾವ ಸುದ್ದಿ ಸಿಗುತ್ತದೆ ಎಂಬುದರ ಮೇಲೆ ಲಾಭ ಯಾರ ಕೈ ಸೇರುತ್ತದೆ ಎಂಬುದೂ ನಿಂತಿದೆ.

2025ರ ಮೇ ತಿಂಗಳ ರಾತ್ರಿ

ಇದೇ ಮಾಧ್ಯಮಗಳಿಗೆ ವಿದೇಶಾಂಗ ವಿಷಯಗಳಲ್ಲಿ ಆಸಕ್ತಿಯೇ ಇಲ್ಲ ಎನ್ನುವಂತಿಲ್ಲ. 2025ರ ಮೇ 8ರ ರಾತ್ರಿ, ‘ಆಪರೇಷನ್ ಸಿಂಧೂರ’ದ ಬೆನ್ನಲ್ಲೇ, ಕರಾಚಿ ಬಂದರು ಧ್ವಂಸವಾಗಿದೆ ಎಂಬ ಸುದ್ದಿಯನ್ನು ಹಲವು ರಾಷ್ಟ್ರೀಯ ವಾಹಿನಿಗಳು ಬಿತ್ತರಿಸಿದವು. ಸೇನೆ ಅಂಥದ್ದೇನನ್ನೂ ಹೇಳಿರಲಿಲ್ಲ. ಬೆಳಗಾಗುವಷ್ಟರಲ್ಲಿ ಸುದ್ದಿ ಸುಳ್ಳೆಂದು ತಿಳಿಯಿತು. ಸ್ಟುಡಿಯೊಗಳಲ್ಲಿ ವಾಯುದಾಳಿಯ ಸೈರನ್ ಮೊಳಗಿಸುವುದನ್ನು ನಿಲ್ಲಿಸುವಂತೆ ಸರ್ಕಾರವೇ ವಾಹಿನಿಗಳಿಗೆ ಸೂಚನೆ ನೀಡಬೇಕಾಯಿತು. ಕನ್ನಡದ ಪರದೆಗಳೂ ಆ ದಿನಗಳ ಯುದ್ಧೋನ್ಮಾದದಿಂದ ಪೂರ್ತಿ ಹೊರತಾಗಿರಲಿಲ್ಲ.

ಅದೇ ವರ್ಷದ ಮಾರ್ಚ್ ಅಂತ್ಯಕ್ಕೆ ಮುಗಿದ ಹಣಕಾಸು ವರ್ಷದಲ್ಲಿ ದೇಶದ ತೊಗರಿ ಆಮದು 12 ಲಕ್ಷ ಟನ್ ದಾಟಿ ದಾಖಲೆ ಬರೆದಿತ್ತು. ದರ 7,550 ರೂಪಾಯಿಗಳ ಬೆಂಬಲ ಬೆಲೆಯ ಆಸುಪಾಸಿಗೆ ಕುಸಿದು, ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿ 8,000 ರೂಪಾಯಿಗೆ ಖರೀದಿಸುವುದಾಗಿ ಘೋಷಿಸಿತ್ತು. ಹಿಂದಿನ ವರ್ಷ 12,000 ಕಂಡಿದ್ದ ರೈತನಿಗೆ ಈ ಕುಸಿತ ಎಲ್ಲಿಂದ ಬಂದಿತೆಂದು ವಿವರಿಸಲು ಯಾವ ಸ್ಟುಡಿಯೊದಲ್ಲಿಯೂ ನಕ್ಷೆ ಬಿಡಿಸಲಿಲ್ಲ. ನಡೆಯದ ಬಂದರು ದಾಳಿಗೆ ಇಡೀ ರಾತ್ರಿ ದೊರೆಯಿತು, ನಿಜವಾಗಿ ತೊಗರಿ ಇಳಿಸಿಕೊಳ್ಳುತ್ತಿದ್ದ ಬಂದರುಗಳಿಗೆ ಐದು ನಿಮಿಷ ಸಿಗಲಿಲ್ಲ.

ವಿಮರ್ಶಕರಿಗೂ ಪ್ರಶ್ನೆಗಳಿವೆ

ಇಷ್ಟರಿಂದ ಎಡಪಂಥೀಯ ವಿಮರ್ಶೆ ಪೂರ್ಣ ಸರಿ ಎಂದು ಭಾವಿಸಬೇಕಾಗಿಲ್ಲ. ಕರ್ನಾಟಕ ಪ್ರಾಂತ ರೈತ ಸಂಘ ತೊಗರಿ ಬೆಳೆಗಾರರ ಪರವಾಗಿ ದೀರ್ಘಕಾಲದಿಂದ ಹೋರಾಡುತ್ತ ಬಂದಿದೆ. ಅದರ ಮುಂಚೂಣಿಯಲ್ಲಿದ್ದ, 2020ರ ಅಕ್ಟೋಬರ್‌ನಲ್ಲಿ ಕೋವಿಡ್‌ನಿಂದ ಅಗಲಿದ ಕಲಬುರಗಿಯ ಮಾರುತಿ ಮಾನ್ಪಡೆ ಅವರ ಹೆಸರನ್ನು ಈ ಭಾಗದ ರೈತರು ಮರೆತಿಲ್ಲ. ಆದರೆ ‘ಆಮದು ನಿಲ್ಲಿಸಿ’ ಎಂಬ ಘೋಷಣೆಯ ಆಚೆಗಿನ ಲೆಕ್ಕ ಅಷ್ಟು ಸರಳವಲ್ಲ. ದೇಶದ ತೊಗರಿ ಉತ್ಪಾದನೆ ಇತ್ತೀಚಿನ ವರ್ಷಗಳಲ್ಲಿ 34-35 ಲಕ್ಷ ಟನ್ ಸುತ್ತಮುತ್ತ ನಿಂತಿದೆ. ಬೇಡಿಕೆ ಅದಕ್ಕಿಂತ ಸುಮಾರು ಹತ್ತು ಲಕ್ಷ ಟನ್ ಹೆಚ್ಚು. ಆಮದು ಪೂರ್ಣ ನಿಂತರೆ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟುವುದು ಯಾರ ಮನೆಯಲ್ಲಿ? ಎಡಪಕ್ಷಗಳ ಆಧಾರವೇ ಆದ ಗಾರ್ಮೆಂಟ್ ಕಾರ್ಮಿಕರು, ಅಂಗನವಾಡಿ ನೌಕರರು, ಕಟ್ಟಡ ಕೂಲಿಗಳ ಮನೆಯಲ್ಲಿ ಮೊದಲು. ಸ್ವಾಮಿನಾಥನ್ ಆಯೋಗದ ಸೂತ್ರದಂತೆ ಸಮಗ್ರ ವೆಚ್ಚದ ಮೇಲೆ ಶೇ 50 ಸೇರಿಸಿದ ಬೆಲೆ ಬೇಕೆಂಬ ಬೇಡಿಕೆಯ ಜತೆಗೆ, ಆ ಬೇಳೆಯನ್ನು ಬಡವನಿಗೆ ಪಡಿತರದಲ್ಲಿ ತಲುಪಿಸುವ ದಾರಿಯನ್ನೂ ಹೇಳಬೇಕಾಗುತ್ತದೆ.

ಇನ್ನೊಂದು ವಿಷಯವಿದೆ, ಅದು ಹೆಚ್ಚು ಮುಜುಗರದ್ದು. ಮೊಜಾಂಬಿಕ್‌ನಲ್ಲಿ ತೊಗರಿ ಬೆಳೆಯುವವರೂ ಸಣ್ಣ ರೈತರೇ. ಭಾರತ ಕೊಳ್ಳುತ್ತದೆಂಬ ಭರವಸೆಯಿಂದ ಬಿತ್ತಿದವರು. 2017ರ ಆಗಸ್ಟ್‌ನಲ್ಲಿ ಇಲ್ಲಿನ ಬೆಲೆ ಕುಸಿತ ತಡೆಯಲು ದೆಹಲಿ ವರ್ಷಕ್ಕೆ ಎರಡು ಲಕ್ಷ ಟನ್‌ಗಳ ಆಮದು ಮಿತಿ ಹೇರಿದಾಗ, ಸರ್ಕಾರಿ ಒಪ್ಪಂದದ ಪ್ರಮಾಣವನ್ನು ಹೊರಗಿಟ್ಟಿದ್ದರೂ, ಅಲ್ಲಿ ಬೆಲೆ ನೆಲಕಚ್ಚಿತು. ತಾಳಿಕೋಟೆಯ ರೈತನ ಸಂಕಟ ಅದೇ ವರ್ಷ ನಕಾಲಾ ಪ್ರಾಂತದ ರೈತನ ಸಂಕಟವೂ ಆಯಿತು. ಜಗತ್ತಿನ ಶ್ರಮಿಕರೆಲ್ಲ ಒಂದಾಗಬೇಕೆಂದು ಹೇಳುವ ಪತ್ರಿಕೆಗಳಲ್ಲಿಯೂ ಈ ಆಫ್ರಿಕಾದ ರೈತ ಕಾಣಿಸಿದ್ದು ಕಡಿಮೆ. ಅಲ್ಲಿ ಮೊಜಾಂಬಿಕ್ ಎಂದರೆ ‘ಆಮದು’ ಮಾತ್ರ.

ಎಲ್ಲವನ್ನೂ ಬಂಡವಾಳಶಾಹಿಯ ಸಂಚೆಂದು ವಿವರಿಸುವುದರಿಂದ ಇನ್ನೊಂದು ಸರಳ ಕಾರಣ ಮರೆಯಾಗುತ್ತದೆ. ತಾಲ್ಲೂಕು ಮಟ್ಟದ ಬಹುತೇಕ ಸುದ್ದಿಗಾರರು ಪೂರ್ಣಾವಧಿ ನೌಕರರಲ್ಲ. ಅಲ್ಪ ಗೌರವಧನಕ್ಕೆ ಸುದ್ದಿಯ ಜತೆಗೆ ಜಾಹೀರಾತನ್ನೂ ತರಬೇಕಾದವರು. ಎಪಿಎಂಸಿ ಧರಣಿಯ ಸುದ್ದಿ ಬರೆದವನಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆ ಹುಡುಕು ಎಂದು ಹೇಳುವ ಸಂಪಾದಕೀಯ ವಿಭಾಗವೇ ಇಲ್ಲದಿದ್ದರೆ ಅವನೇನು ಮಾಡಿಯಾನು? 2010ರಲ್ಲಿ ಕಾಸಿಗಾಗಿ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ ಸಿದ್ಧಪಡಿಸಿದ ವರದಿ, ಸುದ್ದಿಗಾರರ ದುರ್ಬಲ ಸೇವಾ ಸ್ಥಿತಿಯೂ ಆ ಪಿಡುಗಿನ ಒಂದು ಕಾರಣವೆಂದು ಬೊಟ್ಟುಮಾಡಿತ್ತು. ಮಾಲೀಕನ ಹಿತಾಸಕ್ತಿ ಇಲ್ಲಿಯೂ ಇದೆ ಎಂದು ಎಡಪಂಥೀಯರು ಹೇಳಿದರೆ ಒಪ್ಪಬಹುದು. ಆದರೆ ಅದು ಕೆಲಸ ಮಾಡುವುದು ಸುದ್ದಿಯನ್ನು ಅದುಮುವ ಮೂಲಕವಲ್ಲ, ವರದಿಗಾರನಿಗೆ ಸಂಬಳ ಕೊಡದಿರುವ ಮೂಲಕ.

ಸರ್ಕಾರದ ಉತ್ತರವನ್ನೂ ದಾಖಲಿಸಬೇಕು. 2014-15ರಲ್ಲಿ 4,350 ರೂಪಾಯಿ ಇದ್ದ ತೊಗರಿಯ ಬೆಂಬಲ ಬೆಲೆಯನ್ನು 2025-26ಕ್ಕೆ 8,000 ರೂಪಾಯಿಗೆ ಏರಿಸಲಾಗಿದೆ. ರೈತರು ತಂದಷ್ಟು ತೊಗರಿ, ಉದ್ದು, ಚನ್ನಂಗಿಯನ್ನು ನಾಲ್ಕು ವರ್ಷಗಳ ಕಾಲ ಕೇಂದ್ರದ ಸಂಸ್ಥೆಗಳು ಖರೀದಿಸಲಿವೆ ಎಂದು 2025ರ ಬಜೆಟ್‌ನಲ್ಲಿ ಹೇಳಲಾಗಿದೆ. ಗ್ರಾಹಕನ ಹಿತ ಕಾಯಲು ಆಮದು ಅನಿವಾರ್ಯವೆಂಬುದು ಅಧಿಕಾರಿಗಳ ವಾದ.

ಆ ವಾದವನ್ನು ಅಳೆಯಲು ದಿನಾಂಕಗಳನ್ನು ಜೋಡಿಸಿ ನೋಡಿದರೆ ಸಾಕು. ತೊಗರಿಯನ್ನು ನಿರ್ಬಂಧಿತ ಪಟ್ಟಿಯಿಂದ ಮುಕ್ತ ಆಮದಿಗೆ ಬದಲಿಸಿದ್ದು 2021ರ ಮೇ ತಿಂಗಳಲ್ಲಿ. ಇಡಿ ತೊಗರಿಯ ಮೇಲಿನ ಸುಂಕ ತೆಗೆದದ್ದು 2023ರ ಮಾರ್ಚ್‌ನಲ್ಲಿ. ಆ ಮುಕ್ತ ಅವಕಾಶವನ್ನು 2025ರ ಮಾರ್ಚ್ 31ರವರೆಗೆ ವಿಸ್ತರಿಸಿದ ಆದೇಶ ಹೊರಬಿದ್ದದ್ದು 2023ರ ಡಿಸೆಂಬರ್ ಅಂತ್ಯದಲ್ಲಿ. 2026ರ ಮಾರ್ಚ್ 31ರವರೆಗೆ ಮತ್ತೆ ವಿಸ್ತರಿಸಿದ ಆದೇಶ 2025ರ ಜನವರಿಯಲ್ಲಿ. ಎರಡೂ ಸಲ ಅಧಿಸೂಚನೆ ಬಂದ ವಾರಗಳಲ್ಲಿ ತಾಳಿಕೋಟೆಯ ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು.